ವಾಸ್ತುಶಿಲ್ಪಿ ಗೌಡಿ

ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಹೋದವರು ಅಂತೋನಿ ಗೌಡಿಯವರ ಕಟ್ಟಡಗಳನ್ನು ನೋಡದೆ ಬರುವುದಿಲ್ಲ. ಇವರು 1852ರ ಜೂನ್ 25ರಂದು ಜನಿಸಿದರು. ತಂದೆ ತಾಮ್ರದ ಕೆಲಸದವರು. ಗೌಡಿಯವರಿಗೆ ಚಿಕ್ಕಂದಿನಲ್ಲೇ ಕೀಲುನೋವು. ಬೇರೆ ಹುಡುಗರ ಹಾಗೆ ಓಡೋಕೆ ಆಗ್ತಿರಲಿಲ್ಲ. ಕೂತಲ್ಲೇ ಗಿಡಮರ ನೋಡುತ್ತಿದ್ದರಂತೆ.

1878ರಲ್ಲಿ ವಾಸ್ತುಶಿಲ್ಪಿಯಾದರು. ಇವರು ಕಟ್ಟಿದ ಕಾಸಾ ಮಿಲಾ ಎಂಬ ಕಟ್ಟಡದ ಗೋಡೆ ನೆಟ್ಟಗಿಲ್ಲ, ನೀರಿನ ಅಲೆಯಂತೆ ಬಳುಕಿದೆ. ಗ್ವೆಲ್ ಉದ್ಯಾನದ ಉದ್ದನೆಯ ಬೆಂಚಿನ ಮೇಲೆಲ್ಲ ಒಡೆದ ಪಿಂಗಾಣಿ ಚೂರುಗಳು. ನಾವಾದರೆ ತಿಪ್ಪೆಗೆ ಹಾಕ್ತಿದ್ವಿ!

ಕಮಾನಿನ ಆಕಾರ ತಿಳಿಯಲು ಅವರು ದಾರಗಳನ್ನು ಇಳಿಬಿಟ್ಟು ಸಣ್ಣ ಸಣ್ಣ ತೂಕದ ಚೀಲ ಕಟ್ಟುತ್ತಿದ್ದರು. ದಾರ ಜೋತುಬಿದ್ದ ಆಕಾರವನ್ನು ತಲೆಕೆಳಗು ಮಾಡಿದರೆ ಗಟ್ಟಿಯಾಗಿ ನಿಲ್ಲುವ ಕಮಾನು. ಒಂದು ಸರಪಳಿಯ ಎರಡು ತುದಿ ಹಿಡಿದು ನೀವೂ ನೋಡಿ.

1883ರಲ್ಲಿ ಸಗ್ರಾದಾ ಫಮೀಲಿಯಾ ಎಂಬ ಭಾರೀ ಚರ್ಚಿನ ಕೆಲಸ ವಹಿಸಿಕೊಂಡರು. ಸಾಯುವವರೆಗೆ 43 ವರ್ಷ ಅದನ್ನು ಬಿಡಲಿಲ್ಲ. ಕೊನೆಕೊನೆಗೆ ಬೇರೆ ಕೆಲಸವನ್ನೇ ಒಪ್ಪಿಕೊಳ್ಳಲಿಲ್ಲ. ಬಟ್ಟೆಬರೆ ಕಡೆ ಗಮನವೇ ಇರಲಿಲ್ಲ.

1926ರ ಜೂನ್ 7ರಂದು ರಸ್ತೆಯಲ್ಲಿ ಟ್ರಾಮ್ ಬಡಿದು ಬಿದ್ದರು. ಹಳೇ ಬಟ್ಟೆ ನೋಡಿ ಜನ ಭಿಕ್ಷುಕ ಅಂದುಕೊಂಡರು. ಬಡವರ ಆಸ್ಪತ್ರೆಗೆ ಸೇರಿಸಿದರು. ಅವರೇ ಕಟ್ಟಿದ ಮನೆಗಳು ಅದೇ ಊರಲ್ಲಿದ್ದವು, ಅವರ ಗುರುತು ಮಾತ್ರ ಯಾರಿಗೂ ಸಿಗಲಿಲ್ಲ. ಗೊತ್ತಾಗಿದ್ದು ಮಾರನೇ ದಿನ. ಜೂನ್ 10ರಂದು ತೀರಿಕೊಂಡರು. ಆ ಚರ್ಚಿನ ನೆಲಮಾಳಿಗೆಯಲ್ಲೇ ಸಮಾಧಿ ಇದೆ.

1936ರಲ್ಲಿ ಯುದ್ಧ ಶುರುವಾದಾಗ ಅವರ ನಕ್ಷೆಗಳು ಸುಟ್ಟುಹೋದವು, ಗಾರೆಯ ಮಾದರಿಗಳು ಒಡೆದವು. ಆಮೇಲಿನವರು ಆ ಚೂರುಗಳನ್ನೇ ಜೋಡಿಸಿ ನೋಡಿಕೊಂಡು ಚರ್ಚನ್ನು ಮುಂದೆ ಕಟ್ಟಿದರು.