ಏಳು ಷಿಲಿಂಗಿನ ನ್ಯಾಯ

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವೆಂಬ ಗಾದೆ ನಮ್ಮಲ್ಲುಂಟು. ಆದರೆ ಒಡೆಯನಿಗೂ ಆಳಿಗೂ ನಡುವೆ ಕುಳಿತು ಕೂಲಿಯನ್ನು ಗೊತ್ತುಮಾಡುವ ಮೂರನೆಯವನಿಗೆ ಈ ಮಾತು ಸಲ್ಲದು. ಅವನು ಕೊಡಿಸಿದ್ದು ಒಬ್ಬನಿಗೆ ಹೆಚ್ಚೆಂದು ತೋರುವುದು, ಇನ್ನೊಬ್ಬನಿಗೆ ಕಡಮೆಯೆಂದು ತೋರುವುದು; ಇಬ್ಬರ ಮುನಿಸೂ ಅವನ ಪಾಲಿಗೇ ಬರುವುದು. ಆಸ್ಟ್ರೇಲಿಯದಲ್ಲಿ ಹದಿನಾಲ್ಕು ವರ್ಷ ಈ ಪೀಠದಲ್ಲಿ ಕುಳಿತಿದ್ದ ಹೆನ್ರಿ ಬೋರ್ನ್ಸ್ ಹಿಗಿನ್ಸರ ಬಾಳು ಇದಕ್ಕೆ ನಿದರ್ಶನ.

ಹಿಗಿನ್ಸರು ಹುಟ್ಟಿದ್ದು ೧೮೫೧ರಲ್ಲಿ, ಐರ್ಲೆಂಡಿನ ನ್ಯೂಟೌನಾರ್ಡ್ಸ್ ಎಂಬ ಊರಿನಲ್ಲಿ. ತಂದೆ ವೆಸ್ಲಿಯನ್ ಪಂಥದ ಉಪದೇಶಕರು. ಹುಡುಗನಿಗೆ ಮಾತು ತೊದಲು. ಎಳೆಯ ವಯಸ್ಸಿನಲ್ಲಿಯೇ ಬಟ್ಟೆಯ ಮಳಿಗೆಯಲ್ಲಿ ಗುಮಾಸ್ತೆಯಾಗಿ ದುಡಿಯಬೇಕಾಯಿತು. ಮಗನೊಬ್ಬನನ್ನು ಕ್ಷಯಕ್ಕೆ ಒಪ್ಪಿಸಿದ ಆ ಕುಟುಂಬ ೧೮೭೦ರಲ್ಲಿ ಮೆಲ್ಬರ್ನಿಗೆ ವಲಸೆ ಬಂದಿತು. ಅಲ್ಲಿ ಹಿಗಿನ್ಸರು ಪಾಠ ಹೇಳಿ ಸಂಪಾದಿಸುತ್ತ ವಿಶ್ವವಿದ್ಯಾನಿಲಯದಲ್ಲಿ ಓದಿದರು. ತೊದಲನ್ನು ಹಟದಿಂದ ಗೆದ್ದು ವಕೀಲಿ ಹಿಡಿದು ಹೆಸರನ್ನೂ ಹಣವನ್ನೂ ಗಳಿಸಿದರು. ರಾಜಕೀಯಕ್ಕಿಳಿದ ಮೇಲೆಯೂ ಅವರ ಹಟ ಕುಂದಲಿಲ್ಲ. ಬೋಯರ್ ಯುದ್ಧ ಅನ್ಯಾಯವೆಂದು ಬಹಿರಂಗವಾಗಿ ವಿರೋಧಿಸಿ, ೧೯೦೦ರಲ್ಲಿ ವಿಕ್ಟೋರಿಯದ ಶಾಸನಸಭೆಯ ಸ್ಥಾನವನ್ನೇ ಕಳೆದುಕೊಂಡರು.

೧೮೯೦ರ ದಶಕದಲ್ಲಿ ಹಡಗುಕಟ್ಟೆಗಳಲ್ಲಿಯೂ ಕುರಿಯ ಉಣ್ಣೆ ಕತ್ತರಿಸುವವರಲ್ಲಿಯೂ ಎದ್ದ ಮುಷ್ಕರಗಳು ಆ ನಾಡನ್ನು ನಡುಗಿಸಿದ್ದವು. ಬಲವುಳ್ಳವನು ಗೆದ್ದನೇ ಹೊರತು ನ್ಯಾಯ ಗೆದ್ದಿತೆಂದು ಹೇಳುವಂತಿರಲಿಲ್ಲ. ಒಕ್ಕೂಟದ ಸಂವಿಧಾನವನ್ನು ರಚಿಸುತ್ತಿದ್ದ ಸಭೆಯಲ್ಲಿ ಹಿಗಿನ್ಸರು ಈ ಅನುಭವವನ್ನು ಮುಂದಿಟ್ಟರು. ಒಂದು ಪ್ರಾಂತದ ಎಲ್ಲೆಯನ್ನು ಮೀರಿದ ಔದ್ಯೋಗಿಕ ವ್ಯಾಜ್ಯಗಳನ್ನು ರಾಜಿಯಿಂದಲೋ ಪಂಚಾಯತಿಯಿಂದಲೋ ಬಗೆಹರಿಸುವ ಅಧಿಕಾರ ಒಕ್ಕೂಟಕ್ಕೆ ಇರಬೇಕೆಂದು ವಾದಿಸಿದರು. ೧೮೯೮ರಲ್ಲಿ ಕೇವಲ ಮೂರು ಮತಗಳ ಅಂತರದಿಂದ ಈ ವಿಧಿ ಅಂಗೀಕೃತವಾಯಿತು. ಮುಂದೆ ೧೯೦೬ರಲ್ಲಿ ಅವರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ೧೯೦೭ರಲ್ಲಿ ಆ ವಿಧಿಯಿಂದಲೇ ಹುಟ್ಟಿದ ಪಂಚಾಯತಿ ನ್ಯಾಯಾಲಯದ ಅಧ್ಯಕ್ಷತೆಯೂ ಅವರಿಗೆ ಬಂದಿತು.

ಅದೇ ವರ್ಷ ಅವರ ಮುಂದೆ ಬಂದ ಮೊಕದ್ದಮೆಯಿಂದಲೇ ಅವರ ಹೆಸರು ಉಳಿದಿದೆ. ಮೆಲ್ಬರ್ನಿನ ಸಮೀಪದ ಸನ್‌ಷೈನ್ ಎಂಬಲ್ಲಿ ಹ್ಯೂ ಮೆಕೇ ಎಂಬುವರಿಗೆ ಪೈರು ಕೊಯ್ಯುವ ಯಂತ್ರಗಳ ದೊಡ್ಡ ಕಾರ್ಖಾನೆಯಿತ್ತು. ೧೯೦೬ರ ಕಾನೂನು ಇಂಥ ಯಂತ್ರಗಳ ಮೇಲೆ ಉತ್ಪಾದನಾ ಸುಂಕ ಹೇರಿತ್ತು. ಆದರೆ ನ್ಯಾಯವೂ ಯುಕ್ತವೂ ಆದ ಕೂಲಿ ಕೊಡುವ ಮಾಲೀಕನಿಗೆ ಅದರಿಂದ ವಿನಾಯಿತಿ. ಯಾವುದು ಯುಕ್ತ? ಕಾನೂನು ಅದನ್ನು ಹೇಳದೆ ಬಿಟ್ಟಿತ್ತು. ಚೌಕಾಸಿಯಲ್ಲಿ ಗಿಟ್ಟಿದ್ದೇ ಯುಕ್ತವೆನ್ನುವುದಾದರೆ ಕಾನೂನೇ ಬೇಕಿರಲಿಲ್ಲವೆಂದು ಹಿಗಿನ್ಸರು ತರ್ಕಿಸಿದರು. ನಾಗರಿಕ ಸಮಾಜದಲ್ಲಿ ಮನುಷ್ಯನಾಗಿ ಬಾಳುವವನ ಸಾಮಾನ್ಯ ಅಗತ್ಯಗಳೇ ಅಳತೆಗೋಲೆಂದು ನಿಶ್ಚಯಿಸಿದರು.

ಆ ಅಗತ್ಯಗಳನ್ನು ಅರಿಯಲು ಅವರು ಅರ್ಥಶಾಸ್ತ್ರಜ್ಞರ ಗ್ರಂಥಗಳನ್ನು ನೆಚ್ಚಿ ಕೂರಲಿಲ್ಲ. ಕೂಲಿಕಾರರ ಗೃಹಿಣಿಯರು ನ್ಯಾಯಾಲಯದ ಮುಂದೆ ಮನೆಯ ಲೆಕ್ಕ ಒಪ್ಪಿಸಿದರು. ಸುಮಾರು ಐದು ಮಂದಿಯ ಸಂಸಾರಕ್ಕೆ ಬಾಡಿಗೆ, ದಿನಸಿ, ರೊಟ್ಟಿ, ಮಾಂಸ, ಹಾಲು, ತರಕಾರಿ, ಸೌದೆ ಇಷ್ಟಕ್ಕೇ ವಾರಕ್ಕೆ ಸರಾಸರಿ ೩೨ ಷಿಲಿಂಗ್ ೫ ಪೆನ್ಸ್ ಬೇಕಾಗುತ್ತಿತ್ತು. ಕುಶಲತೆಯಿಲ್ಲದ ಕೆಲಸಗಾರನಿಗೆ ಸಿಗುತ್ತಿದ್ದುದು ದಿನಕ್ಕೆ ೬ ಷಿಲಿಂಗ್, ವಾರಕ್ಕೆ ೩೬. ಉಳಿದ ೩ ಷಿಲಿಂಗ್ ೭ ಪೆನ್ಸಿನಲ್ಲಿ ಬಟ್ಟೆ, ಬೂಟು, ಪೀಠೋಪಕರಣ, ಮಕ್ಕಳ ಶಾಲೆಯ ಸಾಮಾನು, ಪುಸ್ತಕ, ವೃತ್ತಪತ್ರಿಕೆ, ಕಾಯಿಲೆ, ವಿಮೆ ಇವೆಲ್ಲ ಆಗಬೇಕು! ಕುಡಿಯದ, ಹೊಗೆ ಸೇದದ ಸಂಯಮಿಗೂ ಇದು ಸಾಗದ ಮಾತೆಂದು ನ್ಯಾಯಾಧೀಶರು ಕಂಡುಕೊಂಡರು. ನವೆಂಬರ್ ೮ರಂದು ತೀರ್ಪಾಯಿತು: ದಿನಕ್ಕೆ ೭ ಷಿಲಿಂಗ್, ವಾರಕ್ಕೆ ೪೨. ಕಸಬು ಬಲ್ಲವನಿಗೆ ಅದರ ಮೇಲೆ ಹೆಚ್ಚು.

ಮರುವರ್ಷವೇ ಆ ಸುಂಕದ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಉಚ್ಚ ನ್ಯಾಯಾಲಯ ಬಹುಮತದಿಂದ ತಳ್ಳಿಹಾಕಿತು. ಅದೇ ಪೀಠದಲ್ಲಿದ್ದ ಹಿಗಿನ್ಸರು ಭಿನ್ನಮತ ಬರೆದರು. ಕಾನೂನು ಬಿದ್ದರೂ ಅಳತೆಗೋಲು ಬೀಳಲಿಲ್ಲ. ಪಂಚಾಯತಿ ನ್ಯಾಯಾಲಯದಲ್ಲಿ ಅವರು ಅದನ್ನೇ ಮುಂದುವರಿಸಿದರು. ೧೯೦೯ರಲ್ಲಿ ಬ್ರೋಕನ್ ಹಿಲ್ ಗಣಿಯ ಕಂಪನಿ ತನ್ನ ಕಷ್ಟವನ್ನು ಹೇಳಿಕೊಂಡಾಗಲೂ ಅವರು ಜಗ್ಗಲಿಲ್ಲ. ಲಾಭ ಹೆಚ್ಚು ಕಡಮೆಯಾಗಬಹುದು, ಹೊಟ್ಟೆಯ ಅಗತ್ಯ ಆಗದು. ಜೀವನಕ್ಕೆ ಸಾಲದ ಕೂಲಿಯಿಂದ ನಡೆಯುವ ಉದ್ಯಮ ನಿಂತರೂ ನಿಲ್ಲಲಿ ಎಂಬುದು ಅವರ ನಿಲುವು.

ಈ ಅಳತೆಗೋಲಿಗೂ ಒಂದು ವಕ್ರವಿತ್ತು. ಅದು ಸಂಸಾರ ಹೊತ್ತ ಗಂಡಸನ್ನು ನೆನೆದು ಮಾಡಿದ್ದು. ೧೯೧೨ರಲ್ಲಿ ಹಣ್ಣು ಬಿಡಿಸುವವರ ವ್ಯಾಜ್ಯದಲ್ಲಿ, ಗಂಡಸರೂ ಮಾಡುವ ಬಿಡಿಸುವ ಕೆಲಸಕ್ಕೆ ಹೆಂಗಸರಿಗೆ ಸಮಾನ ಕೂಲಿಯನ್ನು ಕೊಡಿಸಿದರು. ಹೆಂಗಸರದೇ ಎನಿಸಿದ ಹಣ್ಣು ತುಂಬುವ ಕೆಲಸಕ್ಕೆ ಕಡಮೆ ಸಾಕೆಂದರು. ಗೃಹಿಣಿಯರ ಲೆಕ್ಕವನ್ನು ನಂಬಿ ತೀರ್ಪು ಕೊಟ್ಟವರು, ತಾನೇ ದುಡಿದು ಮನೆ ಸಾಕುವ ಹೆಂಗಸಿನ ಲೆಕ್ಕವನ್ನು ಕಾಣದೆ ಹೋದರು. ಈ ಅನ್ಯಾಯವನ್ನು ತಿದ್ದುವ ತೀರ್ಪುಗಳು ಆ ದೇಶದಲ್ಲಿ ಬಂದದ್ದು ೧೯೬೯ ಮತ್ತು ೧೯೭೨ರಲ್ಲಿ.

೧೯೧೬ರ ಡಿಸೆಂಬರಿನಲ್ಲಿ ಅವರ ಏಕಮಾತ್ರ ಪುತ್ರ ಮರ್ವಿನ್ ಈಜಿಪ್ಟಿನ ರಣರಂಗದಲ್ಲಿ ಮಡಿದನು. ಆ ದುಃಖವನ್ನು ಹೊತ್ತೇ ಹಿಗಿನ್ಸರು ಪೀಠಕ್ಕೆ ಮರಳಿದರು. ೧೯೨೦ರಲ್ಲಿ ಮರಗೆಲಸದವರಿಗೆ ವಾರಕ್ಕೆ ೪೪ ಗಂಟೆಗಳ ದುಡಿಮೆಯನ್ನು ಗೊತ್ತುಮಾಡಿದರು. ಅದೇ ವರ್ಷ ಪ್ರಧಾನಿ ಹ್ಯೂಸರ ಸರ್ಕಾರ, ಬೇಕಾದಾಗ ಬೇರೆ ವಿಶೇಷ ಮಂಡಲಿಗಳನ್ನು ನೇಮಿಸುವ ಕಾನೂನು ತಂದಿತು. ಮುಷ್ಕರ ಹೂಡುವ ಬಲವುಳ್ಳವರು ನ್ಯಾಯಾಲಯವನ್ನು ದಾಟಿ ಸರ್ಕಾರದಿಂದಲೇ ಬೇಕಾದುದನ್ನು ಪಡೆದರೆ ಪಂಚಾಯತಿಗೆ ಬೆಲೆಯೇನು? ಹಿಗಿನ್ಸರು ೧೯೨೧ರಲ್ಲಿ ಅಧ್ಯಕ್ಷತೆಯನ್ನು ತೊರೆದರು. ತಮ್ಮ ಅನುಭವವನ್ನೆಲ್ಲ ೧೯೨೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ಮಾತ್ರ ೧೯೨೯ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಕಾವ್ಯಪ್ರಿಯರಾದ ಅವರು ವಿಶ್ವವಿದ್ಯಾನಿಲಯದಲ್ಲಿ ಕಾವ್ಯದ ಅಧ್ಯಯನಕ್ಕಾಗಿ ದತ್ತಿಯಿಟ್ಟಿದ್ದರು. ಅವರ ಚರಿತ್ರೆಯನ್ನು ಬರೆದವರು ಸೋದರನ ಮಗಳಾದ ಲೇಖಕಿ ನೆಟಿ ಪಾಮರ್.

ಅವರ ವಿಚಾರ ನಮ್ಮ ದೇಶಕ್ಕೂ ಬಂದಿತು. ನಮ್ಮ ಸಂವಿಧಾನದ ೪೩ನೆಯ ವಿಧಿ ಕೆಲಸಗಾರರಿಗೆ ಜೀವನ ವೇತನವನ್ನು ದೊರಕಿಸಲು ರಾಜ್ಯ ಯತ್ನಿಸಬೇಕೆನ್ನುತ್ತದೆ. ೧೯೫೮ರಲ್ಲಿ ಪತ್ರಕರ್ತರ ವೇತನದ ಮೊಕದ್ದಮೆಯಲ್ಲಿ ಜೀವನ ವೇತನವೆಂದರೇನೆಂದು ವಿವೇಚಿಸುವಾಗ ನಮ್ಮ ಸುಪ್ರೀಂ ಕೋರ್ಟು ಹಿಗಿನ್ಸರ ಮಾತನ್ನು ನೆನೆಯಿತು. ಏಳು ಷಿಲಿಂಗಿನ ಬೆಲೆ ಎಂದೋ ಕರಗಿಹೋಯಿತು. ಆದರೆ ಕೂಲಿಯನ್ನು ಗೊತ್ತುಮಾಡುವ ಮೊದಲು ಕೂಲಿಕಾರನ ಮನೆಯ ಲೆಕ್ಕವನ್ನು ಕೇಳಬೇಕೆಂಬ ಪಾಠ ಹಳತಾಗಿಲ್ಲ. ಆ ಪಟ್ಟಿಯಲ್ಲಿ ರೊಟ್ಟಿಯ ಜೊತೆಗೆ ಪುಸ್ತಕಕ್ಕೂ ಸ್ಥಳವಿತ್ತೆಂಬುದನ್ನು ಓದು ಬರಹದವರಾದ ನಾವು ಮರೆಯಬಾರದು.