ಹೊನ್ನಾವರದ ನೌಕಾ ದಳಪತಿ ತಿಮ್ಮೋಜ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಇತಿಹಾಸದಲ್ಲಿ ಹೆಸರು ಪಡೆದ ನೌಕಾ ಯೋಧರಲ್ಲಿ ಹೊನ್ನಾವರದ ತಿಮ್ಮೋಜನು ಪ್ರಮುಖನಾಗಿದ್ದಾನೆ. ಈತನನ್ನು ತಿಮ್ಮಯ್ಯ ಎಂದೂ ಕರೆಯಲಾಗಿದೆ. 16ನೇ ಶತಮಾನದ ಮೊದಲ ದಶಕದಲ್ಲಿ ಈತನು ನಡೆಸಿದ ಸಮುದ್ರ ಕಾರ್ಯಾಚರಣೆಗಳು ಪಶ್ಚಿಮ ಕರಾವಳಿಯ ರಾಜಕೀಯವನ್ನೇ ಬದಲಿಸಿದವು. ಈತನ ಕುರಿತ ವಿವರಗಳು ಬಹುಮಟ್ಟಿಗೆ ಪೋರ್ಚುಗೀಸ್ ವೃತ್ತಾಂತಗಳಿಂದ ತಿಳಿದುಬರುತ್ತವೆ. ಯುದ್ಧಸೇವೆಗಾಗಿ ಈತನಿಗೆ ಲಭಿಸಿದ ಪದವಿಗಳ ಹಾಗೂ ಅವು ಕೈತಪ್ಪಿದ ಬಗೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಶರಾವತಿ ನದಿಯ ಅಳಿವೆಯಲ್ಲಿರುವ ಹೊನ್ನಾವರವು ಆ ಕಾಲದಲ್ಲಿ ವಿಜಯನಗರಕ್ಕೆ ಅಧೀನವಾಗಿದ್ದ ಗೇರುಸೊಪ್ಪೆಯ ಅರಸರ ಬಂದರಾಗಿತ್ತು. ದಕ್ಷಿಣದಲ್ಲಿ ಭಟ್ಕಳ, ಉತ್ತರದಲ್ಲಿ ಇಂದಿನ ಕುಮಟಾ ತಾಲ್ಲೂಕಿನ ಮಿರ್ಜಾನ ಬಂದರುಗಳು ಇದ್ದವು. ಅಕ್ಕಿ ಮತ್ತು ಕಾಳುಮೆಣಸು ಇಲ್ಲಿಂದ ಹೊರಹೋಗುತ್ತಿದ್ದವು. ಅರಬ್ ದೇಶಗಳ ಕುದುರೆಗಳು ಹಡಗುಗಳಲ್ಲಿ ಇಲ್ಲಿಗೆ ಬರುತ್ತಿದ್ದವು.

ವಿಜಯನಗರದ ಅಶ್ವಸೈನ್ಯವು ಈ ಕುದುರೆಗಳನ್ನೇ ಅವಲಂಬಿಸಿತ್ತು. ಆದರೆ 1472ರಲ್ಲಿ ಗೋವಾ ಬಂದರು ಬಹಮನಿ ಸುಲ್ತಾನರ ವಶವಾಗಿ, ಅನಂತರ ಬಿಜಾಪುರದ ಆದಿಲ್ ಶಾಹಿಗಳ ಕೈಸೇರಿತು. ಇದರಿಂದ ಕುದುರೆ ವ್ಯಾಪಾರದ ದೊಡ್ಡ ಪಾಲು ಅತ್ತ ಸರಿಯಿತು. ಗೋವಾಕ್ಕೆ ಸಾಗುವ ಕುದುರೆ ಹಡಗುಗಳನ್ನು ಸಮುದ್ರದಲ್ಲಿ ತಡೆದು ಹೊನ್ನಾವರ, ಭಟ್ಕಳಗಳ ಕಡೆಗೆ ತಿರುಗಿಸುವುದೇ ತಿಮ್ಮೋಜನ ಪಡೆಯ ಮುಖ್ಯ ಕಾರ್ಯವಾಗಿತ್ತು. ಪೋರ್ಚುಗೀಸರು ಈತನನ್ನು ಕಡಲ್ಗಳ್ಳನೆಂದು ಬರೆದರು; ವಿಜಯನಗರದ ದೃಷ್ಟಿಯಲ್ಲಿ ಅದೇ ಕೆಲಸವು ರಾಜ್ಯಸೇವೆಯಾಗಿತ್ತು.

ಪೋರ್ಚುಗೀಸರೊಂದಿಗೆ ಸಂಬಂಧ

1502ರಲ್ಲಿ ವಾಸ್ಕೋ ಡ ಗಾಮನ ನೌಕಾಪಡೆಯು ಹೊನ್ನಾವರ ಮತ್ತು ಭಟ್ಕಳಗಳ ಮೇಲೆ ದಾಳಿ ನಡೆಸಿತು. 1505ರಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡನು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸಿದ ಬಳಿಕ ಹೊನ್ನಾವರಕ್ಕೆ ಬಂದು, ಅಳಿವೆಯಲ್ಲಿದ್ದ ಹಡಗುಗಳನ್ನು ಸುಟ್ಟುಹಾಕಿದನು. ಈ ಹಾನಿಯ ನಂತರ ತಿಮ್ಮೋಜನು ಸಂಧಾನಕ್ಕೆ ಮುಂದಾದನು. ಮುಂದಿನ ವರ್ಷಗಳಲ್ಲಿ ಈತನು ಪೋರ್ಚುಗೀಸರ ಮಿತ್ರನಾದನು.

ಗೋವಾ ಕಾರ್ಯಾಚರಣೆ, 1510

1510ರ ಫೆಬ್ರವರಿಯಲ್ಲಿ ಗವರ್ನರ್ ಅಫೊನ್ಸೊ ಡಿ ಆಲ್ಬುಕರ್ಕನು 23 ಹಡಗುಗಳೊಂದಿಗೆ ಕೊಚ್ಚಿಯಿಂದ ಹೊರಟನು. ಆತನ ಗುರಿ ಕೆಂಪು ಸಮುದ್ರವಾಗಿತ್ತು. ಮಾರ್ಗಮಧ್ಯೆ ಆತನನ್ನು ಭೇಟಿಯಾದ ತಿಮ್ಮೋಜನು, ಗೋವಾದ ರಕ್ಷಣೆ ದುರ್ಬಲವಾಗಿದೆಯೆಂದೂ, 1509ರ ದೀವ್ ಯುದ್ಧದಲ್ಲಿ ಸೋತ ಈಜಿಪ್ಟಿನ ನೌಕಾಪಡೆಯಲ್ಲಿ ಉಳಿದವರು ಅಲ್ಲಿ ಹೊಸ ಹಡಗುಗಳನ್ನು ಕಟ್ಟುತ್ತಿದ್ದಾರೆಂದೂ ತಿಳಿಸಿದನು. ಈ ಮಾಹಿತಿಯಿಂದ ದಂಡಯಾತ್ರೆಯ ದಿಕ್ಕೇ ಬದಲಾಯಿತು.

ತಿಮ್ಮೋಜನ ಪಡೆಯು ಕಾಳಿ ನದಿಯ ಅಳಿವೆಯಲ್ಲಿದ್ದ ಸಿಂತಾಕೋರ ಕೋಟೆಯನ್ನು ವಶಪಡಿಸಿಕೊಂಡಿತು. ಪಣಜಿಯ ಕೋಟೆಯ ಮೇಲಿನ ದಾಳಿಯಲ್ಲಿ ಈತನು ಆಲ್ಬುಕರ್ಕನ ಸೋದರಳಿಯ ಅಂಟೋನಿಯೊ ಡಿ ನೊರೊನ್ಹನೊಂದಿಗೆ ಪಾಲ್ಗೊಂಡನು. ಗೋವಾ ನಗರವು ದೊಡ್ಡ ಕಾಳಗವಿಲ್ಲದೆ ಶರಣಾಯಿತು. ಅಳಿವೆಗಳ ಆಳ, ಮರಳುದಿಣ್ಣೆಗಳು ಮತ್ತು ಊರಿನ ಪ್ರಮುಖರ ಪರಿಚಯ ತಿಮ್ಮೋಜನಿಗೆ ಇದ್ದುದು ಈ ಜಯಕ್ಕೆ ಬಹಳ ನೆರವಾಯಿತು.

ಪದವಿ ಮತ್ತು ಗೌರವಗಳು

ಗೋವಾದ ಆಡಳಿತವು ತನಗೆ ದೊರೆಯುವುದೆಂದೂ, ತಾನು ಪೋರ್ಚುಗೀಸರಿಗೆ ಕಪ್ಪ ಸಲ್ಲಿಸುವ ಸಾಮಂತನಾಗುವೆನೆಂದೂ ತಿಮ್ಮೋಜನು ನಿರೀಕ್ಷಿಸಿದ್ದನು. ಆದರೆ ಆಲ್ಬುಕರ್ಕನು ನಗರವನ್ನು ತನ್ನಲ್ಲಿಯೇ ಉಳಿಸಿಕೊಂಡನು. ತಿಮ್ಮೋಜನಿಗೆ ಠಾಣೇದಾರ ಹಾಗೂ ಪೋರ್ಚುಗೀಸರು ಅಗುವಾಜಿಲ್ ಎಂದು ಕರೆಯುತ್ತಿದ್ದ ಪದವಿಗಳನ್ನು ನೀಡಲಾಯಿತು. ಸುತ್ತಲಿನ ಗ್ರಾಮಗಳ ಕಂದಾಯ ವಸೂಲಿ ಮತ್ತು ಸ್ಥಳೀಯ ಜನರ ಆಡಳಿತ ಇವುಗಳ ವ್ಯಾಪ್ತಿಗೆ ಸೇರಿದ್ದವು. ನಾಣ್ಯಗಳ ಕೊರತೆಯನ್ನು ನೀಗಿಸಲು ಟಂಕಸಾಲೆ ತೆರೆಯಬೇಕೆಂದು ಕೋರಿದವರಲ್ಲಿ ಈತನೂ ಒಬ್ಬನು. 1510ರಲ್ಲಿಯೇ ಗೋವಾದಲ್ಲಿ ಟಂಕಸಾಲೆ ಆರಂಭವಾಯಿತು.

ಈ ಗೌರವವು ಹೆಚ್ಚು ಕಾಲ ಉಳಿಯಲಿಲ್ಲ. 1510ರ ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯವು ಗೋವಾವನ್ನು ಮರಳಿ ಪಡೆಯಿತು. ಮಳೆಗಾಲದ ಕಡಲು ಅಳಿವೆಯನ್ನು ಮುಚ್ಚಿದ್ದರಿಂದ ಪೋರ್ಚುಗೀಸ್ ಹಡಗುಗಳು ಆಗಸ್ಟ್‌ವರೆಗೆ ಮಾಂಡೋವಿ ನದಿಯಲ್ಲಿಯೇ ಸಿಲುಕಿದವು. 1510ರ ನವೆಂಬರ್ 25ರಂದು ನಗರವು ಮತ್ತೆ ಅವರ ವಶವಾಯಿತು. ಅನಂತರ ಭೂಭಾಗದ ಅಧಿಕಾರವು ಹೊನ್ನಾವರದ ಅರಸು ಮನೆತನದ ಮಲ್ಹಾರ ರಾವ್‌ನ ಪಾಲಾಯಿತು. ತಿಮ್ಮೋಜನು ಬಯಸಿದ್ದ ರಾಜ್ಯವೂ, ಪಡೆದಿದ್ದ ಪದವಿಯೂ ಆತನ ಬಳಿ ಉಳಿಯಲಿಲ್ಲ. ಆತನ ನೆರವಿನಿಂದ ಗೋವಾದಲ್ಲಿ ನೆಲೆಯೂರಿದ ಪೋರ್ಚುಗೀಸ್ ಆಳ್ವಿಕೆಯಾದರೋ 1961ರ ಡಿಸೆಂಬರ್‌ವರೆಗೆ ಮುಂದುವರಿಯಿತು.

ಮಹತ್ವ

ತಿಮ್ಮೋಜನನ್ನು ಕೆಲವರು ಸಾಹಸಿ ನಾವಿಕನೆಂದೂ, ಕೆಲವರು ಪರಕೀಯರಿಗೆ ದಾರಿ ತೋರಿದವನೆಂದೂ ಪರಿಗಣಿಸುತ್ತಾರೆ. ಹಡಗುಗಳನ್ನು ಕಳೆದುಕೊಂಡ ಸಣ್ಣ ಬಂದರೊಂದರ ದಳಪತಿಯು ಪ್ರಬಲ ಶಕ್ತಿಗಳ ನಡುವೆ ತನ್ನ ಸ್ಥಾನವನ್ನು ಉಳಿಸಿಕೊಳ್ಳಲು ನಡೆಸಿದ ಪ್ರಯತ್ನವಾಗಿ ಈತನ ಜೀವನವನ್ನು ನೋಡುವುದು ಸೂಕ್ತ. ಹೊನ್ನಾವರದ ಶರಾವತಿ ಅಳಿವೆ, ಸಮೀಪದ ಬಸವರಾಜದುರ್ಗ ದ್ವೀಪ ಮತ್ತು ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಗಳು ಈ ಕರಾವಳಿಯ ನೌಕಾ ಪರಂಪರೆಯನ್ನು ಅರಿಯಬಯಸುವ ಸಾರ್ವಜನಿಕರು ನೋಡಬೇಕಾದ ಸ್ಥಳಗಳಾಗಿವೆ.