ನೀರಿನ ಜಾಡು ಹಿಡಿದ ಅಲ್-ಬಿರೂನಿ

ಹೊಳೆಯ ಕಲ್ಲುಗಳೇಕೆ ನುಣುಪಾಗಿ ಉರುಟಾಗಿವೆಯೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಸಾವಿರ ವರ್ಷಗಳ ಹಿಂದೆ ಅಬೂ ರೈಹಾನ್ ಅಲ್-ಬಿರೂನಿ ಯೋಚಿಸಿದ್ದರು.

ಅವರು 973ರಲ್ಲಿ ಮಧ್ಯ ಏಷ್ಯಾದ ಖ್ವಾರಿಝ್ಮ್‌ನಲ್ಲಿ ಜನಿಸಿದರು. 1017ರಲ್ಲಿ ಸುಲ್ತಾನ್ ಮಹಮೂದ್ ಆ ನಾಡನ್ನು ಗೆದ್ದು ಅವರನ್ನು ಘಝ್ನಿಗೆ ಕರೆದೊಯ್ದನು. ತಾಯ್ನಾಡು ಕೈತಪ್ಪಿದರೂ ಕಲಿಯುವ ಹಂಬಲ ಬತ್ತಲಿಲ್ಲ. ಘಝ್ನಿಯ ಕಿಬ್ಲಾ ದಿಕ್ಕನ್ನು ಗೊತ್ತುಪಡಿಸಲು 1025ರಲ್ಲಿ ಬರೆದ ಗ್ರಂಥದಲ್ಲಿ ಅವರು ನೆಲ-ಜಲಗಳ ಚರಿತ್ರೆಯನ್ನೂ ವಿವರಿಸಿದರು. ಅರೇಬಿಯಾದಲ್ಲಿ ಬಾವಿ ತೋಡುವಾಗ ಸಿಗುವ ಕಪ್ಪೆಚಿಪ್ಪುಗಳು ಅಲ್ಲಿ ಹಿಂದೆ ಕಡಲಿತ್ತೆಂಬುದಕ್ಕೆ ಸಾಕ್ಷಿಯೆಂದರು.

ಭಾರತಕ್ಕೆ ಬಂದು ಸಂಸ್ಕೃತ ಕಲಿತರು. ಪಂಡಿತರ ಮುಂದೆ ಶಿಷ್ಯನಾಗಿ ನಿಂತರು. ಸುಮಾರು 1030ರಲ್ಲಿ ಈ ನಾಡಿನ ಕುರಿತು ಮಹಾಗ್ರಂಥ ರಚಿಸಿದರು. ಬೆಟ್ಟದ ಬುಡದಲ್ಲಿ ನದಿ ರಭಸವಾಗಿರುವಲ್ಲಿ ಕಲ್ಲುಗಳು ದೊಡ್ಡವು. ದೂರ ಸಾಗಿದಂತೆ ಚಿಕ್ಕವು. ನೀರು ನಿಧಾನವಾಗಿ ಕಡಲು ಸಮೀಪಿಸುವಲ್ಲಿ ಬರೀ ಮರಳು. ಇದನ್ನು ಗಮನಿಸಿ, ಉತ್ತರದ ಬಯಲು ಒಮ್ಮೆ ಕಡಲಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿತೆಂದು ತೀರ್ಮಾನಿಸಿದರು. ಆ ಬಯಲು ಹಿಮಾಲಯದ ನದಿಗಳು ಹರಡಿದ ಮೆಕ್ಕಲು ಮಣ್ಣೆಂಬುದನ್ನು ಇಂದಿನ ಭೂವಿಜ್ಞಾನವೂ ಒಪ್ಪುತ್ತದೆ. ಕೆಲವು ಬಾವಿಗಳಲ್ಲಿ ನೀರು ತಾನಾಗಿ ಉಕ್ಕುವುದೇಕೆ? ಅದರ ಮೂಲ ಇನ್ನೂ ಎತ್ತರದಲ್ಲಿದೆಯೆಂದು ಅವರು ವಿವರಿಸಿದರು.

ಅದೇ ಕಣ್ಣಿನಿಂದ ಅವರು ಮನುಷ್ಯರನ್ನೂ ನೋಡಿದರು. ಮಹಮೂದನ ದಂಡಯಾತ್ರೆಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವೆಂಬುದನ್ನು ಆ ಗ್ರಂಥದಲ್ಲಿ ಮರೆಮಾಚಲಿಲ್ಲ. ಅವನ ಆಸ್ಥಾನದ ನೆರಳಲ್ಲಿ ಬಾಳಿದವರಿಗೆ ಅದು ಸುಲಭದ ಮಾತಲ್ಲ.

11ನೇ ಶತಮಾನದ ಮಧ್ಯಭಾಗದಲ್ಲಿ ಅವರು ಘಝ್ನಿಯಲ್ಲೇ ನಿಧನರಾದರು. ಮುಂದೆ ಹೊಳೆಬದಿಗೆ ಹೋದಾಗ ಮಕ್ಕಳ ಕೈಗೊಂದು ಕಲ್ಲು ಕೊಡಿ. ಅದು ಎಲ್ಲಿಂದ ಬಂತೆಂದು ಕೇಳಿರಿ. ಕಂಡದ್ದನ್ನು ಕಂಡಂತೆ ಹೇಳುವುದನ್ನು ಅವರು ಅಲ್ಲಿಂದಲೇ ಕಲಿಯಲಿ.